ಹತ್ತು ದಾರಿಯ ಆಟಕ್ಕೆ ಗಿರಾಕಿಗಳೇಕೆ ಕಡಿಮೆ?

ಉರಿಯುವ ದೀವಟಿಗೆಯ ಪಕ್ಕದಲ್ಲಿ ಕಾವಲುಗಾರ ನಿಂತಿದ್ದಾನೆ. 1998ರ 'ಥೀಫ್' ಎಂಬ ಕಂಪ್ಯೂಟರ್ ಆಟದ ಕಳ್ಳ ನೀರಿನ ಬಾಣ ಬಿಟ್ಟು ದೀಪ ಆರಿಸಬಹುದು. ದೂರದಲ್ಲಿ ಸದ್ದು ಮಾಡಿ ಕಾವಲುಗಾರನನ್ನು ಅತ್ತ ಸೆಳೆಯಬಹುದು. ಬೇರೆ ದಾರಿಯನ್ನೇ ಹುಡುಕಬಹುದು. ಆಟ ಕೊಡುವುದು ನಿಯಮಗಳನ್ನಷ್ಟೇ, ಉಪಾಯ ಆಡುವವನದು. ಈ ಬಗೆಗೆ 'ಇಮ್ಮರ್ಸಿವ್ ಸಿಮ್' ಎಂದು ಹೆಸರು.

ವಿಮರ್ಶಕರು ಮೆಚ್ಚಿದ ಇಂಥ ಆಟಗಳಿಗೆ ಮಾರುಕಟ್ಟೆ ಅಷ್ಟಾಗಿ ಒಲಿದಿಲ್ಲ. 'ಥೀಫ್' ರೂಪಿಸಿದ ಅಮೆರಿಕದ ಲುಕಿಂಗ್ ಗ್ಲಾಸ್ ಸಂಸ್ಥೆ 2000ದಲ್ಲಿ ಮುಚ್ಚಿತು. 2017ರಲ್ಲಿ 'ಪ್ರೇ' ತಂದ ಆರ್ಕೇನ್‌ನ ಆಸ್ಟಿನ್ ಶಾಖೆ, ಜಾಡು ಬದಲಿಸಿ ಮಾಡಿದ 'ರೆಡ್‌ಫಾಲ್' ಸೋತ ಮರುವರ್ಷ, 2024ರಲ್ಲಿ ಮುಚ್ಚಿಹೋಯಿತು.

ಕಾರಣಗಳೇನು? ಮೊದಲನೆಯದು ಖರ್ಚು. ಹತ್ತು ದಾರಿ ಕಟ್ಟಬೇಕು, ಆಡುವವನು ನೋಡುವುದು ಒಂದೆರಡನ್ನು. ಎರಡನೆಯದು ಜಾಹೀರಾತು. ಗುಂಡಿನ ಕಾಳಗವನ್ನು ಅರ್ಧ ನಿಮಿಷದಲ್ಲಿ ತೋರಿಸಬಹುದು. 'ಅರೆ, ಹೀಗೂ ಆಗುತ್ತದೆಯೇ!' ಎಂದು ತಾನೇ ಕಂಡುಕೊಳ್ಳುವ ಸುಖವನ್ನು ತೋರಿಸುವುದು ಹೇಗೆ? ಮೂರನೆಯದು ಅಭ್ಯಾಸ. ಕೈಗೆ ಬಂದೂಕು ಬಂದರೆ ಹಲವರು ಗುಂಡನ್ನೇ ಹಾರಿಸುತ್ತಾರೆ. ಆಗ ಉಳಿಯುವುದು ಸಾಧಾರಣ ಕಾಳಗದ ಆಟ.

ಅಪವಾದಗಳಿವೆ: 2000ದ 'ಡೇಯಸ್ ಎಕ್ಸ್', 2012ರ 'ಡಿಸ್‌ಆನರ್ಡ್' ಎರಡೂ ಗೆದ್ದವು. 2017ರ 'ಜೆಲ್ಡಾ' ಆಟದಲ್ಲಿ ಹುಲ್ಲಿಗೆ ಬೆಂಕಿಯಿಟ್ಟು, ಮೇಲೇಳುವ ಬಿಸಿಗಾಳಿಯಲ್ಲಿ ತೇಲಿಹೋಗಬಹುದು. ಅದು ಇಮ್ಮರ್ಸಿವ್ ಸಿಮ್ ಎನಿಸಿಕೊಳ್ಳದಿದ್ದರೂ ತತ್ವ ಅದೇ. ಮಾರಾಟವಾದದ್ದು ಮೂರು ಕೋಟಿಗೂ ಹೆಚ್ಚು ಪ್ರತಿ. ಜನ ಒಲ್ಲೆನ್ನುವುದು ಸ್ವಾತಂತ್ರ್ಯವನ್ನಲ್ಲ. ಅದರ ರುಚಿ ಹತ್ತುವ ಮೊದಲು ಕೇಳುವ ತಾಳ್ಮೆಯನ್ನು.