ದುಬಾರಿ ಲ್ಯಾಪ್‌ಟಾಪ್, ಬೆಂಗಳೂರಿನ ಸಿಂಪ್ಯೂಟರ್: ವ್ಯಾಟ್ ಲೆಕ್ಕದ ಒಂದು ಪಾಠ

ವಿಜಯನಗರದ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಹತ್ತನೇ ತರಗತಿಗೆ ವಿದ್ಯುತ್ ಪ್ರವಾಹದ ಉಷ್ಣೋತ್ಪನ್ನ ಪರಿಣಾಮವನ್ನು ಬೋಧಿಸಬೇಕಿತ್ತು. ಇಸ್ತ್ರಿಪೆಟ್ಟಿಗೆ, ಗೀಸರ್ ನಾವು ಸಾಮಾನ್ಯವಾಗಿ ಕೊಡುವ ಉದಾಹರಣೆಗಳು. ಅವುಗಳಲ್ಲಿ ಉಷ್ಣ ನಮಗೆ ಬೇಕಾದದ್ದು. ಉಷ್ಣ ಬೇಡವಾದ ಕಡೆ ಏನಾಗುತ್ತದೆ ಎಂದು ತೋರಿಸಲು ಆಪಲ್ ಕಂಪನಿಯ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪ್‌ಗಳ ಕಾಲರೇಖೆಯ ಚಾರ್ಟ್ ತಯಾರಿಸಿಕೊಂಡು ಹೋದೆ. ಹತ್ತು ನಿಮಿಷದಲ್ಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಮಿಸ್, ಇಷ್ಟು ದುಬಾರಿ ಲ್ಯಾಪ್‌ಟಾಪ್ ನಮ್ಮನೇಲಿ ಇಲ್ಲ. ಇದು ನಮಗ್ಯಾಕೆ?” ಆ ಕ್ಷಣ ಉತ್ತರ ಹೊಳೆಯಲಿಲ್ಲ. ಮುಂದಿನ ಅವಧಿಗೆ ಪಾಠವನ್ನು ಮತ್ತೆ ಕಟ್ಟಿದ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಕಾಲರೇಖೆ ಹೇಳುವುದೇನು?

ಚಿಪ್ ಬಳಸುವ ವಿದ್ಯುತ್ತು ಬಹುಪಾಲು ಉಷ್ಣವಾಗಿಯೇ ಹೊರಬರುತ್ತದೆ. ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿಗೆ ಫ್ಯಾನ್ ಹಾಕಿ ಅದನ್ನು ಹೊರಹಾಕಬಹುದು. ತೊಡೆಯ ಮೇಲಿಡುವ ತೆಳು ಯಂತ್ರದಲ್ಲಿ ಅದಕ್ಕೆ ಜಾಗ ಕಡಿಮೆ. ಆಪಲ್‌ನ ಮೇಜಿನ ಕಂಪ್ಯೂಟರಿನಲ್ಲಿದ್ದ ಜಿ5 ಚಿಪ್ ಅದರ ಲ್ಯಾಪ್‌ಟಾಪ್‌ಗೆ ಬರಲೇ ಇಲ್ಲ. 2005ರಲ್ಲಿ ಇಂಟೆಲ್ ಚಿಪ್‌ಗೆ ಬದಲಾಗುವುದಾಗಿ ಘೋಷಿಸಿದಾಗ ಸ್ಟೀವ್ ಜಾಬ್ಸ್ ಕೊಟ್ಟ ಮುಖ್ಯ ಕಾರಣ, ಪ್ರತಿ ವ್ಯಾಟ್‌ಗೆ ಸಿಗುವ ಕೆಲಸ. 2006ರ ಜನವರಿಯಲ್ಲಿ ಮೊದಲ ಮ್ಯಾಕ್‌ಬುಕ್ ಪ್ರೊ ಬಂತು. 2012ರ ಹೊಸ ಮಾದರಿಯಲ್ಲಿ ಡಿವಿಡಿ ಡ್ರೈವ್ ಹೋಗಿ ಯಂತ್ರ ತೆಳುವಾಯಿತು. 2016ರಲ್ಲಿ ಇನ್ನಷ್ಟು ತೆಳುವಾಗಿ, ಎಚ್‌ಡಿಎಂಐ ಕಿಂಡಿಯೂ ಹೋಯಿತು. 2021ರಲ್ಲಿ ಆ ಕಿಂಡಿ ಮರಳಿ ಬಂತು. ಹೊಸದೆಲ್ಲ ಮುಂದಿನ ಹೆಜ್ಜೆಯೇ ಆಗಬೇಕಿಲ್ಲ ಎಂಬುದನ್ನು ಮಕ್ಕಳು ಇಲ್ಲೇ ಗಮನಿಸಿದರು.

2020ರ ನವೆಂಬರಿನಲ್ಲಿ ಎಂ1 ಚಿಪ್‌ನ 13 ಇಂಚಿನ ಮಾದರಿ ಬಂತು. ಇದು ಎಆರ್‌ಎಂ ವಿನ್ಯಾಸದ ಚಿಪ್. ಬ್ಯಾಟರಿ ಹಿಂದಿನ ಇಂಟೆಲ್ ಮಾದರಿಯಷ್ಟೇ, 58.2 ವ್ಯಾಟ್-ಗಂಟೆ. ವಿಡಿಯೊ ನೋಡುವ ಅವಧಿ ಮಾತ್ರ 10 ಗಂಟೆಯಿಂದ 20 ಗಂಟೆಗೆ ಏರಿತು ಎಂದು ಕಂಪನಿ ಹೇಳಿತು. ಭಾಗಿಸಿದರೆ ಸರಾಸರಿ ಬಳಕೆ ಸುಮಾರು 5.8 ವ್ಯಾಟ್‌ನಿಂದ 2.9 ವ್ಯಾಟ್‌ಗೆ ಇಳಿದಿದೆ. ಎಆರ್‌ಎಂ ವಿನ್ಯಾಸವೊಂದೇ ಇದಕ್ಕೆ ಕಾರಣವಲ್ಲ. 5 ನ್ಯಾನೊಮೀಟರ್ ತಯಾರಿಕಾ ತಂತ್ರದ ಪಾಲೂ ಇದೆ. “ವೇಗ ಹೆಚ್ಚಿದರೆ ವ್ಯಾಟ್ ಹೆಚ್ಚಲೇಬೇಕು” ಎಂಬ ಮಕ್ಕಳ ತಪ್ಪು ಕಲ್ಪನೆ ಈ ಒಂದು ಭಾಗಾಕಾರದಿಂದ ಸಡಿಲವಾಯಿತು.

ನಮ್ಮೂರಿನಲ್ಲಿ ಅದೇ ಪ್ರಶ್ನೆ

ಬೆಲೆಯ ಮಾತು ಬಂದಾಗ ಸಿಂಪ್ಯೂಟರ್ ಕಥೆ ಹೇಳಿದೆ. ಎಂ1 ಮಾದರಿಯ ಆರಂಭದ ಬೆಲೆ ಭಾರತದಲ್ಲಿ 1,22,900 ರೂಪಾಯಿ ಇತ್ತು. ಅದಕ್ಕೂ ಸುಮಾರು 20 ವರ್ಷ ಮೊದಲೇ, ಮಲ್ಲೇಶ್ವರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮೊದಲಾದವರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ, ಸುಮಾರು 9 ಸಾವಿರ ರೂಪಾಯಿಗೆ ಸಿಗುವ ಅಂಗೈ ಕಂಪ್ಯೂಟರಿಗೆ ಹೊರಟಿದ್ದರು. 2001ರ ಏಪ್ರಿಲ್‌ನಲ್ಲಿ ಅದರ ಮೂಲಮಾದರಿ ಬಂತು. ಅದರಲ್ಲಿದ್ದ 206 ಮೆಗಾಹರ್ಟ್ಜ್‌ನ ಸ್ಟ್ರಾಂಗ್‌ಎಆರ್‌ಎಂ ಚಿಪ್ ಕೂಡ ಎಆರ್‌ಎಂ ವಂಶದ್ದೇ. ಕರೆಂಟು ನೆಚ್ಚಲಾಗದ ಹಳ್ಳಿಗಳಲ್ಲೂ ಬ್ಯಾಟರಿಯಲ್ಲಿ ನಡೆಯಬೇಕಾದ ಯಂತ್ರಕ್ಕೆ ಮಿತವ್ಯಯದ ಚಿಪ್ ಅನಿವಾರ್ಯವಾಗಿತ್ತು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲು ಪ್ರತಿಯೊಬ್ಬರಿಗೂ ಸ್ಮಾರ್ಟ್‌ಕಾರ್ಡ್. ಓದು ಬಾರದವರಿಗೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶ.

2004ರಲ್ಲಿ ‘ಅಮಿಡಾ’ ಹೆಸರಿನ ಮೂರು ಮಾದರಿಗಳು ಮಾರುಕಟ್ಟೆಗೆ ಬಂದವು. ತಯಾರಿಸಿದ್ದು, ಜಾಲಹಳ್ಳಿಯಲ್ಲಿ ಕಾರ್ಖಾನೆಯಿರುವ ಬಿಇಎಲ್. ಕಪ್ಪು-ಬಿಳುಪು ಪರದೆಯದಕ್ಕೆ 9,950 ರೂಪಾಯಿ, ಬಣ್ಣದ ಪರದೆಯ ಮೇಲ್ಮಟ್ಟದ ಮಾದರಿಗೆ 19,950. 50 ಸಾವಿರ ಮಾರುವ ಗುರಿಯಿತ್ತು. 2005ರವರೆಗೆ ಮಾರಾಟವಾದದ್ದು ಸುಮಾರು 4 ಸಾವಿರ. ಅಗ್ಗವಾಗುತ್ತಿದ್ದ ಮೊಬೈಲ್ ಫೋನ್ ಆ ಜಾಗ ಹಿಡಿಯಿತು. ಆದರೆ ಸೋತದ್ದು ಆ ಯಂತ್ರ, ಅದರ ಹಿಂದಿನ ವಿಚಾರವಲ್ಲ. ಇಂದು ಪ್ರತಿ ಮನೆಯ ಮೊಬೈಲ್‌ನಲ್ಲೂ ಇರುವುದು ಎಆರ್‌ಎಂ ಚಿಪ್ಪೇ.

ತರಗತಿಯ ಚಟುವಟಿಕೆ

“ಇದು ನಮಗ್ಯಾಕೆ” ಎಂದ ಹುಡುಗಿಗೂ ಉಳಿದವರಿಗೂ ಒಂದೇ ಮನೆಗೆಲಸ ಕೊಟ್ಟೆ: ಮನೆಯ ಮೊಬೈಲ್ ಚಾರ್ಜರ್ ಮೇಲಿನ ಅಕ್ಷರಗಳನ್ನು ಓದಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿ ತನ್ನಿ. 5 ವೋಲ್ಟ್, 2 ಆಂಪಿಯರ್ ಎಂದಿದ್ದರೆ 10 ವ್ಯಾಟ್. ಮರುದಿನ ಕರಿಹಲಗೆಯ ಮೇಲೆ ಚಾರ್ಜರ್, ಲ್ಯಾಪ್‌ಟಾಪ್, ಇಸ್ತ್ರಿಪೆಟ್ಟಿಗೆಗಳ ವ್ಯಾಟ್ ಪಟ್ಟಿ ಮಾಡಿದೆವು. ಚಾರ್ಜ್ ಆಗುವಾಗ ಫೋನ್ ಯಾಕೆ ಬಿಸಿಯಾಗುತ್ತದೆ ಎಂದು ಅದೇ ಹುಡುಗಿ ಕೇಳಿದಳು. ಪಾಠ ಶುರುವಾಗಬೇಕಿದ್ದದ್ದು ಆ ಪ್ರಶ್ನೆಯಿಂದ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ದುಬಾರಿ ವಸ್ತುವಿನ ಉದಾಹರಣೆ ಕೊಡಬಾರದೆಂದಿಲ್ಲ. ಮೊದಲು ಮಗುವಿನ ಕೈಯಲ್ಲಿರುವ ವಸ್ತುವನ್ನು ಓದಿಸಿ, ಆಮೇಲೆ ಅಂಗಡಿಯ ಗಾಜಿನ ಹಿಂದಿರುವುದನ್ನು ತೋರಿಸಿ. ಎರಡಕ್ಕೂ ಲೆಕ್ಕ ಒಂದೇ.