ಬಿಸಿಯ ಸ್ನಾನವೂ ಮಿದುಳಿನ ರಸಾಯನವೂ

ದೀಪಾವಳಿಯ ನಸುಕಿನಲ್ಲಿ ಮೈಗೆಲ್ಲ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರಿನಲ್ಲಿ ಮಿಂದು ಬಂದರೆ ಮೈ ಹಗುರಾಗುತ್ತದೆ, ಕಣ್ಣಿಗೆ ನಿದ್ದೆ ಹತ್ತುತ್ತದೆ. ಇದು ನಮ್ಮೆಲ್ಲರ ಅನುಭವ. ಮೈಗೆ ತಗಲಿದ ಬಿಸಿ ಮನಸ್ಸನ್ನು ಮುಟ್ಟುವುದು ಹೇಗೆ? ಈ ವಿಷಯದಲ್ಲಿ ಫಿನ್ಲೆಂಡ್ ದೇಶದಲ್ಲಿ ಬಹಳ ಸಂಶೋಧನೆ ನಡೆದಿದೆ.

ಅಲ್ಲಿಯ ಜನರು 'ಸೌನಾ' ಎಂಬ ಮರದ ಕೋಣೆಯಲ್ಲಿ ಕುಳಿತು ಬೆವರುತ್ತಾರೆ. ಒಲೆಯ ಮೇಲಿನ ಕಾದ ಕಲ್ಲುಗಳ ಮೇಲೆ ಆಗಾಗ ನೀರು ಸುರಿದು ಹಬೆ ಎಬ್ಬಿಸುತ್ತಾರೆ. ಕೋಣೆಯ ಉಷ್ಣತೆ ಸಾಮಾನ್ಯವಾಗಿ 80ರಿಂದ 100 ಡಿಗ್ರಿ ಸೆಲ್ಸಿಯಸ್. ಗಾಳಿಯು ನೀರಿನಷ್ಟು ಬೇಗ ಶಾಖವನ್ನು ಸಾಗಿಸದು. ಬೆವರೂ ಆರಿ ಮೈಯನ್ನು ತಂಪಾಗಿಸುತ್ತದೆ. ಆದುದರಿಂದ ಮೈ ಬೇಯುವುದಿಲ್ಲ. ಈ ಸಂಪ್ರದಾಯವನ್ನು ಯುನೆಸ್ಕೋ 2020ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಚರ್ಮದ ನರತಂತುಗಳಲ್ಲಿ ಬಿಸಿಯನ್ನು ಗುರುತಿಸುವ ಪುಟ್ಟ ಬಾಗಿಲುಗಳಿವೆ. ಅವುಗಳಲ್ಲೊಂದು ಸುಮಾರು 43 ಡಿಗ್ರಿಗೆ ತೆರೆದುಕೊಳ್ಳುತ್ತದೆ. ಸೋಜಿಗವೆಂದರೆ, ಮೆಣಸಿನಕಾಯಿಯ ಖಾರವೂ ಅದೇ ಬಾಗಿಲನ್ನು ತೆರೆಯುತ್ತದೆ! ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಬಿಸಿಯ ಸುದ್ದಿ ಮಿದುಳಿನ ಹೈಪೊಥಲಾಮಸ್ ಎಂಬ ಭಾಗಕ್ಕೆ ತಲಪುತ್ತದೆ. ದೇಹದ ಉಷ್ಣತೆಯನ್ನು ಹತೋಟಿಯಲ್ಲಿಡುವ ಕೇಂದ್ರ ಅದೇ. ಅದರ ಅಪ್ಪಣೆಯಂತೆ ರಕ್ತನಾಳಗಳು ಹಿಗ್ಗುತ್ತವೆ, ಹೃದಯದ ಬಡಿತ ಏರುತ್ತದೆ, ಬೆವರು ಸುರಿಯುತ್ತದೆ. ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿ ಎಚ್ಚರ ಮೂಡುತ್ತದೆ. ಪಿಟ್ಯುಟರಿ ಗ್ರಂಥಿಯಿಂದ ಬೀಟಾ ಎಂಡಾರ್ಫಿನ್ ಸ್ರವಿಸುವುದನ್ನೂ ಹಲವು ಪರೀಕ್ಷೆಗಳು ತೋರಿಸಿವೆ. ಇದು ನೋವನ್ನು ತಗ್ಗಿಸುವ, ದೇಹವೇ ತಯಾರಿಸಿಕೊಳ್ಳುವ ಮದ್ದು. ಸ್ನಾನದ ಬಳಿಕ ಮೈ ತಣಿಯುತ್ತಿದ್ದಂತೆ ನೆಮ್ಮದಿ ಮೂಡಿ ನಿದ್ದೆ ಸುಲಭವಾಗುತ್ತದೆ.

ಫಿನ್ಲೆಂಡಿನ ಕುವೋಪಿಯೋ ಪ್ರದೇಶದ 2315 ಗಂಡಸರನ್ನು ಸುಮಾರು 20 ವರ್ಷ ಗಮನಿಸಲಾಯಿತು. ವಾರಕ್ಕೆ ಒಮ್ಮೆ ಸೌನಾ ಮಾಡುವವರಿಗಿಂತ, 4ರಿಂದ 7 ಸಲ ಮಾಡುವವರಲ್ಲಿ ಮರೆಗುಳಿ ರೋಗದ ಸಂಭವ ಶೇಕಡಾ 66ರಷ್ಟು ಕಡಿಮೆ ಕಂಡಿತು. ಆದರೆ ಇದರಿಂದ ಬಿಸಿಯೇ ಕಾರಣವೆಂದು ತೀರ್ಮಾನಿಸುವಂತಿಲ್ಲ. ಮೊದಲೇ ಆರೋಗ್ಯವಂತರಾದವರು ಹೆಚ್ಚು ಸಲ ಹೋಗಿರಲೂಬಹುದು. ಎರಡು ಸಂಗತಿಗಳು ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ವಿಜ್ಞಾನದ ಈ ಪಾಠವನ್ನು ವಿದ್ಯಾರ್ಥಿಗಳು ಮರೆಯಬಾರದು.

ಬಿಸಿಯೂ ಮಿತಿ ಮೀರಿದರೆ ಅಪಾಯ. ಬಿಸಿಯಲ್ಲಿ ಹಿಗ್ಗಿದ ರಕ್ತನಾಳಗಳಿಂದಾಗಿ, ಥಟ್ಟನೆ ಎದ್ದು ನಿಂತರೆ ಮಿದುಳಿಗೆ ರಕ್ತ ಸಾಲದೆ ತಲೆ ಸುತ್ತುತ್ತದೆ. ಆದುದರಿಂದ ಅಜ್ಜ ಅಜ್ಜಿಯರು ಬಚ್ಚಲುಮನೆಯಲ್ಲಿ ನಿಧಾನವಾಗಿ ಏಳಬೇಕು, ಮನೆಯವರು ಹತ್ತಿರವಿರಬೇಕು. ಜ್ವರವಿದ್ದಾಗ, ಮದ್ಯ ಸೇವಿಸಿದಾಗ ಅತಿಯಾದ ಶಾಖ ಸಲ್ಲದು. ಹೃದಯರೋಗಿಗಳು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಬಿಸಿಯ ಸ್ನಾನ ಮನಸ್ಸಿಗೆ ಹಿತ, ನಿಜ. ಆದರೆ ವೈದ್ಯರು ಕೊಟ್ಟ ಔಷಧಿಗೆ ಅದು ಬದಲಿಯಲ್ಲ.