ಹಿತ್ತಿಲಿನಲ್ಲಿ ಒಂದು ರಾತ್ರಿ

ದಿನದ ಅರ್ಧಭಾಗ ಇರುಳೇ ಆಗಿದ್ದರೂ ನಮ್ಮ ಪಟ್ಟಣಗಳ ಮಕ್ಕಳಿಗೆ ಅದರ ಪರಿಚಯವೇ ಇಲ್ಲವಾಗಿದೆ. ದೀಪ ಹಚ್ಚಿದೊಡನೆ ಬಾಗಿಲು ಮುಚ್ಚಿ, ಬೆಳಗ್ಗೆ ಹಾಲು ಬರುವ ತನಕ ಅದನ್ನು ತೆರೆಯದ ಮನೆಗಳಲ್ಲಿ ಬೆಳೆಯುವ ಮಗುವಿಗೆ, ಸುಗ್ಗಿಯ ಕಾಲದಲ್ಲಿ ರಾಗಿಯ ಮೆದೆಯ ಮಗ್ಗುಲಲ್ಲಿ ಕಣ ಕಾಯುವ ಅಜ್ಜನ ಕಂಬಳಿಯೊಳಗೆ ಹುದುಗಿ, ನಕ್ಷತ್ರಗಳನ್ನು ನೋಡುತ್ತ ನೋಡುತ್ತ ನಿದ್ದೆಹೋಗುತ್ತಿದ್ದ ಬಾಲ್ಯ ಈ ನಾಡಿನಲ್ಲಿ ತೀರ ಸಾಮಾನ್ಯವಾಗಿತ್ತೆಂದು ಹೇಳಿದರೆ ಅದೊಂದು ಕಥೆಯೆಂದೇ ತೋರೀತು.

1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ಲರು ಸುಮಾರು ಇಪ್ಪತ್ತು ಮಂದಿ ಬಾಲಕರೊಡನೆ ಡೇರೆ ಹಾಕಿ ನಡೆಸಿದ ಶಿಬಿರದಿಂದ ಸ್ಕೌಟ್ ಚಳವಳಿ ಮೊಳೆತು, ಬಯಲುವಾಸವೂ ವಿದ್ಯಾಭ್ಯಾಸದ ಅಂಗವೆಂಬ ಭಾವನೆ ದೇಶದೇಶಗಳಿಗೆ ಹಬ್ಬಿತು. ಆದರೆ ಅದು ಬೆಳೆದ ಬಾಲಕರಿಗೆ ತಕ್ಕುದು. ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಕಾಡೂ ಬೇಡ, ಬೆಟ್ಟವೂ ಬೇಡ. ಕೂಗಿದರೆ ಒಳಗಿರುವ ಅಜ್ಜಿಗೆ ಕೇಳಿಸುವಷ್ಟು ಸಮೀಪದಲ್ಲಿ, ಹಗಲೆಲ್ಲ ಆಡಿ ತಿಳಿದ ನೆಲದ ಮೇಲೆಯೇ, ತಂದೆತಾಯಿಯರ ನಡುವೆ ಮಲಗಿ ಕತ್ತಲೆಯನ್ನು ಎದುರುಗೊಳ್ಳುವ ಅವಕಾಶವೊಂದಿದ್ದರೆ ಸಾಕು. ಭಯವನ್ನು ಕಳೆಯುವುದಕ್ಕೆ ಇದಕ್ಕಿಂತ ಸೌಮ್ಯವಾದ ಉಪಾಯವನ್ನು ನಾನರಿಯೆ.

ಕಾಲವನ್ನು ಆರಿಸುವಲ್ಲಿ ಪಂಚಾಂಗ ನೆರವಾಗುತ್ತದೆ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ನಮ್ಮಲ್ಲಿ ಮಳೆಯ ಅಂಜಿಕೆ ಕಡಿಮೆ, ಆಕಾಶ ನಿರ್ಮಲ. ಅದರಲ್ಲಿಯೂ ಶುಕ್ಲಪಕ್ಷದ ಅಷ್ಟಮಿ ಪ್ರಶಸ್ತ. ಏಕೆಂದರೆ ಮಕ್ಕಳು ನಿದ್ರೆಹೋಗುವ ತನಕ ಅರ್ಧಚಂದ್ರನ ಬೆಳಕು ಅಂಗಳದ ಮೇಲಿದ್ದು, ನಡುರಾತ್ರಿಯ ಸುಮಾರಿಗೆ ಚಂದ್ರಾಸ್ತವಾಗಿ, ಎಚ್ಚೆತ್ತವರಿಗೆ ತಾರೆಗಳು ತಮ್ಮ ಪೂರ್ಣ ವೈಭವದಲ್ಲಿ ಕಾಣಿಸುತ್ತವೆ. ಸಂಜೆ ಆಗ್ನೇಯದಲ್ಲಿ ಮೇಲೇರಿ ನಿಂತಿದ್ದ ಮಹಾವ್ಯಾಧ ಆ ಹೊತ್ತಿಗೆ ಪಶ್ಚಿಮಕ್ಕೆ ವಾಲಿರುವುದನ್ನೂ, ಈಶಾನ್ಯದಲ್ಲಿ ಸಪ್ತರ್ಷಿಗಳು ಏರಿರುವುದನ್ನೂ ಕಂಡ ಮಗುವಿಗೆ ಭೂಮಿ ತಿರುಗುತ್ತದೆಂಬ ಪಾಠ ಪುಸ್ತಕದಿಂದ ಬಂದದ್ದಾಗಿ ಉಳಿಯದು. ಮಹಾವ್ಯಾಧನ ನಡುಪಟ್ಟಿಯ ಮೂರು ತಾರೆಗಳ ನೇರಕ್ಕೆ ಕೆಳಗೆ ಉಜ್ಜ್ವಲವಾಗಿ ಹೊಳೆಯುವ ಲುಬ್ಧಕದಿಂದ ಬೆಳಕು ನಮ್ಮನ್ನು ಮುಟ್ಟಲು 8.6 ವರ್ಷ ಬೇಕು. ಎಂಟು ವರ್ಷದ ಮಗನಿಗೆ, “ಈ ಬೆಳಕು ಅಲ್ಲಿಂದ ಹೊರಟಾಗ ನೀನಿನ್ನೂ ಹುಟ್ಟಿರಲಿಲ್ಲ, ಮರಿ” ಎಂದು ಹೇಳಿ ಅವನ ಮುಖವನ್ನು ನೋಡಬೇಕು! ಧ್ರುವನು ಮೈಸೂರಿನಲ್ಲಿ ದಿಗಂತದಿಂದ ಸುಮಾರು 12 ಡಿಗ್ರಿ, ಬೀದರಿನಲ್ಲಿ 18 ಡಿಗ್ರಿಯಷ್ಟೇ ಮೇಲಿರುವುದರಿಂದ ತೆಂಗು ಮಾವುಗಳ ಮರೆಯಲ್ಲಿ ಅವನನ್ನು ಹುಡುಕುವುದೇ ಒಂದು ಆಟ.

ಡೇರೆಯನ್ನು ಕೊಂಡು ತರಬೇಕೆಂದಿಲ್ಲ. ಎರಡು ಮರಗಳ ನಡುವೆ ಹಗ್ಗ ಬಿಗಿದು, ಅಮ್ಮನ ಹಳೆಯ ಸೀರೆಯನ್ನು ಇಳಿಬಿಟ್ಟು, ಅಂಚುಗಳಿಗೆ ಇಟ್ಟಿಗೆಯ ಭಾರವಿಟ್ಟರೆ ಮಕ್ಕಳ ಪಾಲಿಗೆ ಅದೇ ಅರಮನೆ. ನಿರ್ಮಲವಾದ ರಾತ್ರಿಗಳಲ್ಲಿ ನೆಲದ ಕಾವು ಆಕಾಶಕ್ಕೆ ಹೊರಟುಹೋಗಿ ಇಬ್ಬನಿ ಕೂಡುವುದರಿಂದ, ಅಷ್ಟು ತೆಳುವಾದ ಮರೆಯೂ ಹಾಸಿಗೆಯನ್ನು ಬಹುಮಟ್ಟಿಗೆ ಒದ್ದೆಯಾಗದಂತೆ ಕಾಯುತ್ತದೆ.

ಕಾಳಜಿಯ ವಿಷಯದಲ್ಲಿ ಮಾತ್ರ ಔದಾಸೀನ್ಯ ಸಲ್ಲದು. ಹಗಲಿನಲ್ಲೇ ಕಸಕಡ್ಡಿಗಳನ್ನು ಗುಡಿಸಿ, ಕಲ್ಲುರಾಶಿ ಸೌದೆರಾಶಿಗಳಿಂದ ದೂರದಲ್ಲಿ ಎಡೆಯನ್ನು ಗೊತ್ತುಮಾಡಬೇಕು. ಕಟ್ಟುಹಾವು ಇರುಳಿನಲ್ಲಿ ಸಂಚರಿಸಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು, ಅದರ ಕಡಿತ ಎಷ್ಟೋ ವೇಳೆ ನೋವೇ ಕೊಡದು. ಆದಕಾರಣ ಹೊರಸಿನ ಮೇಲೆ ಮಲಗುವುದೇ ಲೇಸು, ಚಾಪೆಯಾದರೆ ಸೊಳ್ಳೆಪರದೆಯ ಅಂಚನ್ನು ಸುತ್ತಲೂ ಅದರ ಅಡಿಗೆ ಸೇರಿಸಲೇಬೇಕು. ತಿಂದ ಚೂರುಗಳು ಇಲಿಯನ್ನು, ಇಲಿ ಹಾವನ್ನು ಕರೆತರುವುದರಿಂದ ಬೇಯಿಸಿದ ಅವರೆಕಾಯಿಯನ್ನೂ ಕೆಂಡದ ಗೆಣಸನ್ನೂ ಜಗಲಿಯಲ್ಲೇ ಮುಗಿಸಿ ಬರುವುದು ಒಳ್ಳೆಯದು. ಎಷ್ಟೇ ಚಳಿಯಿದ್ದರೂ ಡೇರೆಯೊಳಗೆ ಕೆಂಡ ಒಯ್ಯಬಾರದು, ಅದರ ವಿಷವಾಯು ನಿದ್ರೆಯಲ್ಲೇ ಪ್ರಾಣ ತೆಗೆಯಬಲ್ಲದು. ಹಿತ್ತಿಲು ಪೊದೆಗಳಿಂದ ತುಂಬಿದ್ದರೆ ಅಥವಾ ಮನೆಗೆ ಹಿತ್ತಿಲೇ ಇಲ್ಲದಿದ್ದರೆ ಎದೆಯೆತ್ತರದ ಕಟ್ಟೆಯುಳ್ಳ ತಾರಸಿ ಆದೀತು.

ಮಲಗಿದ ಮೇಲೆ ಹಿರಿಯರು ಉಪನ್ಯಾಸ ಕೊಡದೆ ಸುಮ್ಮನಿರಬೇಕು. ಜೀರುಂಡೆಯ ಸದ್ದು, ಹಾಲಕ್ಕಿಯ ಕೂಗು, ಒಣಗಿದ ಸೋಗೆಯ ಸರಸರ, ಇವುಗಳನ್ನು ಕೇಳಿ ಪ್ರಶ್ನಿಸುವ ಕೆಲಸ ಮಕ್ಕಳದು. ನಡುರಾತ್ರಿ ಮಗು ಒಳಗೆ ಹೋಗೋಣವೆಂದರೆ ಗದರದೆ, ನಗದೆ, ಎತ್ತಿಕೊಂಡು ಹೋಗಬೇಕು; ಹಿಂಬಾಗಿಲು ತೆರೆದೇ ಇದೆಯೆಂಬ ನಂಬಿಕೆಯಿದ್ದರಲ್ಲವೆ ಅದು ಮತ್ತೊಮ್ಮೆ ಹೊರಗೆ ಮಲಗಲು ಒಪ್ಪುವುದು?

ರಥಸಪ್ತಮಿಯ ಮರುದಿನವೇ ಮಾಘಮಾಸದ ಶುಕ್ಲ ಅಷ್ಟಮಿ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಈ ವರ್ಷ ಆ ಸಂಜೆಯನ್ನು ಬೇರಾವ ಕೆಲಸಕ್ಕೂ ಕೊಡದೆ, ಮಕ್ಕಳ ಕೈಯಿಂದಲೇ ಹಗ್ಗ ಕಟ್ಟಿಸಿ, ಹಿತ್ತಿಲಿನಲ್ಲಿ ಹಾಸಿಗೆ ಬಿಡಿಸಬೇಕೆಂದು ನನ್ನ ಪ್ರಾರ್ಥನೆ.